ಗಂಟಿಲ್ಲದ ಗಡಿ

ಬೆಳಗಿನ ಆರು ಗಂಟೆ. ಹೊರಗೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್. ಡ್ರೈವ್‌ವೇಯಲ್ಲಿ ಚಿದಂಬರ ಆಫೀಸಿಗೆ ಹೊರಡುವ ಮುನ್ನ ಕಾರಿನ ಗಾಜಿಗೆ ಅಂಟಿದ ಮಂಜುಗಡ್ಡೆಯನ್ನು ಕರಕರ ಕೆರೆಯುತ್ತಿದ್ದಾರೆ. ಅಮೆರಿಕದ ಮಿಶಿಗನ್ ರಾಜ್ಯದ ಆಬರ್ನ್ ಹಿಲ್ಸ್‌ನ ಆ ಮನೆಯ ಬೇಸ್‌ಮೆಂಟಿನಲ್ಲಿ ಅವರ ಹೆಂಡತಿ ನೀಲಗಂಗಾ ಕಣ್ಣು ಮುಚ್ಚಿ ಕೂತಿದ್ದಾರೆ. ಧ್ಯಾನ ಗೀನ ಏನೂ ಅಲ್ಲ. ತೊಡೆಯ ಮೇಲೆ ಹರಡಿದ ದಪ್ಪ ಬಟ್ಟೆಯಲ್ಲಿ ಅವರ ಬೆರಳು ಆಫ್ರಿಕಾದ ಪಶ್ಚಿಮ ತೀರವನ್ನು ತಡವುತ್ತ ಇಳಿಯುತ್ತಿದೆ. ಒಂದು ಕಡೆ ಏನೋ ಚುಚ್ಚಿದಂತಾಗಿ ಕಣ್ಣು ತೆರೆಯುತ್ತಾರೆ, ಅಲ್ಲಿನ ಹೊಲಿಗೆ ಬಿಚ್ಚುತ್ತಾರೆ.

“ಕಣ್ಣಿಗೆ ಚಂದ ಕಂಡ್ರ ಏನ್ ಬಂತ್ರಿ? ಇದನ್ನ ಬೆರಳಿಂದ ನೋಡೋರು ಅದಾರ,” ಎನ್ನುತ್ತಾರೆ.

ನೀಲಗಂಗಾ ಕಣ್ಣು ಕಾಣದ ಮಕ್ಕಳಿಗಾಗಿ ಬಟ್ಟೆಯ ಭೂಪಟ ಹೊಲಿಯುತ್ತಾರೆ. ನೆಲಕ್ಕೆ ಒರಟು ಬಟ್ಟೆ, ಸಮುದ್ರಕ್ಕೆ ನುಣುಪು ರೇಷ್ಮೆ, ಖಂಡಗಳ ಗಡಿಗೆ ಉಬ್ಬಿದ ದಾರ. ಜನಸಂಖ್ಯೆಗೆ ಮಣಿ, ಕೋಟಿ ಜನಕ್ಕೆ ಒಂದರಂತೆ. ಇಡೀ ಜಗತ್ತಿಗೆ ಎಂಟುನೂರು ಮಣಿಯೂ ಸಾಲದು. “ಭಾರತ, ಚೀನಾ ಬಂದ್ವು ಅಂದ್ರ ಮಣಿ ಕೂಡ್ಸಾಕ ಜಾಗಾನ ಸಿಗೂದಿಲ್ಲ ನೋಡ್ರಿ,” ಎಂದು ನಗುತ್ತಾರೆ. ಒಂದು ಭೂಪಟಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಚಳಿಗಾಲದಲ್ಲಿ ಬೆರಳು ಮರಗಟ್ಟುತ್ತವೆ, ಬಿಸಿನೀರಲ್ಲಿ ಅದ್ದಿಕೊಂಡು ಮತ್ತೆ ಸೂಜಿ ಹಿಡಿಯುತ್ತಾರೆ.

ಧಾರವಾಡದ ಹೆಣ್ಣುಮಗಳು. ಸೋದರತ್ತೆ ಕಲಿಸಿದ ಕಸೂತಿಯೊಂದೇ ಕೈಲಿದ್ದ ವಿದ್ಯೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಕೆಲಸ ಮಾಡಲು ವೀಸಾ ಬಿಡಲಿಲ್ಲ. ಕೈಕಟ್ಟಿ ಕೂರಲಾಗದೆ ಲೈಬ್ರರಿಯಲ್ಲಿ ಸಂಬಳವಿಲ್ಲದೆ ಬ್ರೈಲ್ ಪುಸ್ತಕ ಜೋಡಿಸಲು ಹೋದರು. ಅಲ್ಲಿ ಇವರ ಸೆರಗಿನ ಕಸೂತಿಯನ್ನು ಮುಟ್ಟಿ ನೋಡಿದ ಅಂಧಮಕ್ಕಳ ಸಂಸ್ಥೆಯೊಂದರವರು ಭೂಪಟ ಹೊಲಿಯುತ್ತೀರಾ ಎಂದು ಕೇಳಿದರು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಇಲ್ಲಿ ಅದೇ ದೊಡ್ಡ ಅನುಕೂಲವಾಯಿತು. ಗಡಿಯ ಮೇಲೊಂದು ಗಂಟು ಸಿಕ್ಕರೆ ಮಗು ಅದನ್ನು ಊರು ಅಂದುಕೊಳ್ಳುತ್ತದೆ.

ಕಳೆದ ಅಕ್ಟೋಬರಿನಲ್ಲಿ ಈ ಕೆಲಸವನ್ನೇ ಬಿಟ್ಟುಬಿಡಬೇಕು ಅನಿಸುವಂಥ ಫೋನ್ ಬಂತು. ಮಾಡಿದವರು ಡಿಯರ್‌ಬಾರ್ನ್‌ನ ಭಾನು. ಅವರ ಮಗಳು ಸಿಯಾಗೆ ಹನ್ನೆರಡು ವರ್ಷ, ಹುಟ್ಟಿನಿಂದ ಕಣ್ಣಿಲ್ಲ. ತರಗತಿಯಲ್ಲಿ ಬೆರಳಿಂದ ಓದುವವಳು ಅವಳೊಬ್ಬಳೇ. ಪರೀಕ್ಷೆಯಲ್ಲೊಂದು ಪ್ರಶ್ನೆ: ಉತ್ತರ ಅಮೆರಿಕ, ದಕ್ಷಿಣ ಅಮೆರಿಕ, ಇವೆರಡರಲ್ಲಿ ಜನ ಎಲ್ಲಿ ಹೆಚ್ಚು? ಸಿಯಾ ನೀಲಗಂಗಾ ಹೊಲಿದುಕೊಟ್ಟ ತನ್ನ ಭೂಪಟದ ಮಣಿ ಎಣಿಸಿದಳು. ಉತ್ತರದಲ್ಲಿ ಮೂವತ್ತೆಂಟು, ದಕ್ಷಿಣದಲ್ಲಿ ನಲವತ್ತಮೂರು. ದಕ್ಷಿಣ ಎಂದು ಬರೆದಳು. ತಪ್ಪೆಂದು ಬಂತು. ಪುಸ್ತಕದ ಪ್ರಕಾರ ಉತ್ತರದಲ್ಲಿ ಅರವತ್ತು ಕೋಟಿ. ನಿನ್ನ ಮ್ಯಾಪು ಯಾವ ಲೋಕದ್ದು ಎಂದು ಯಾರೋ ನಕ್ಕರು.

“ನೀಲಾ ಅವ್ರೇ, ಬೇಜಾರ್ ಮಾಡ್ಕೋಬೇಡಿ. ಅವಳೀಗ ಮ್ಯಾಪೂ ಮುಟ್ತಿಲ್ಲ, ಬ್ರೈಲ್ ಬುಕ್ಕೂ ಮುಟ್ತಿಲ್ಲ. ಎಲ್ಲದ್ರಲ್ಲೂ ತಪ್ಪಿದ್ರೆ ನಂಗೆ ಹೇಗಮ್ಮ ಗೊತ್ತಾಗತ್ತೆ ಅಂತಾಳೆ,” ಎಂದರು ಭಾನು.

ನೀಲಗಂಗಾ ಫೋನ್ ಇಟ್ಟರು. ಸಂಸ್ಥೆ ಕೊಟ್ಟ ಅಂಕಿಗಳನ್ನು ಮತ್ತೆ ತೆಗೆದು ನೋಡಿದರು. ಅದರಲ್ಲಿ ಉತ್ತರ ಅಮೆರಿಕ ಎಂದರೆ ಈ ದೇಶ, ಕೆನಡಾ, ಜೊತೆಗೆ ಸಣ್ಣಪುಟ್ಟ ನೆಲ, ಅಷ್ಟೇ. ಮೆಕ್ಸಿಕೊ, ಅದರ ಕೆಳಗಿನ ದೇಶಗಳು, ಕೆರಿಬಿಯನ್ ದ್ವೀಪಗಳು ಬೇರೆ ಗುಂಪು. ಶಾಲೆಯ ಪುಸ್ತಕ ಅವನ್ನೂ ಉತ್ತರಕ್ಕೇ ಸೇರಿಸಿತ್ತು. ಎರಡು ಲೆಕ್ಕವೂ ಸರಿಯೇ! ಒಬ್ಬನೇ ಒಬ್ಬ ಮನುಷ್ಯ ಮನೆ ಬಿಟ್ಟು ಕದಲಿರಲಿಲ್ಲ. ಗೆರೆ ಸರಿದಿತ್ತು, ಇಪ್ಪತ್ತೆರಡು ಕೋಟಿ ಜನ ಆಚೆಯಿಂದ ಈಚೆಗೆ ಬಂದಿದ್ದರು, ಚಿಕ್ಕ ಖಂಡ ದೊಡ್ಡದಾಗಿತ್ತು. ಅದರ ನಡುವೆ ಸಿಕ್ಕಿಕೊಂಡವಳು ಒಂದು ಹುಡುಗಿ.

ಮರುದಿನವೇ ನೀಲಗಂಗಾ ಮೂವತ್ತೈದು ಮೈಲಿ ಡ್ರೈವ್ ಮಾಡಿಕೊಂಡು ಭಾನು ಅವರ ಮನೆಗೆ ಹೋದರು. ಸಿಯಾ ಸೋಫಾದ ಮೂಲೆಯಲ್ಲಿ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದಳು.

“ಐ ಟ್ರಸ್ಟೆಡ್ ಇಟ್, ಆಂಟಿ.”

ನೀಲಗಂಗಾ ಅವಳ ಪಕ್ಕ ಕೂತರು. “ತಪ್ಪು ನಂದ ಐತಿ, ಪುಟ್ಟಿ. ದಾರ ಹಾಕಿದೆ, ಯಾಕ ಅಲ್ಲೇ ಹಾಕೀನಿ ಅಂತ ನಿನಗ ಹೇಳ್ಲಿಲ್ಲ,” ಎಂದು ಭೂಪಟ ಬಿಡಿಸಿದರು. ಮೆಕ್ಸಿಕೊದ ಮೇಲಿನ ಗಡಿಯ ದಾರದ ತುದಿಯನ್ನು ಎಬ್ಬಿಸಿ, ಹುಡುಗಿಯ ಒಂದು ಕೈ ಎಳೆದುಕೊಂಡು ಅದರಲ್ಲಿಟ್ಟರು. “ಎಳಿ.”

ಗಂಟಿಲ್ಲದ ದಾರ ಸರಸರನೆ ಬಂದುಬಿಟ್ಟಿತು. ಸಿಯಾಳ ಬೆರಳು ಮೆಲ್ಲಗೆ ಕೆಳಗಿಳಿಯಿತು, ತಡೆಯಿಲ್ಲದೆ ಪನಾಮಾದವರೆಗೂ ಹೋಯಿತು. ಎಣಿಸಿದಳು. ಅರವತ್ತು. ಆಮೇಲೆ ಪನಾಮಾದ ಕೆಳಗಿನ ದಾರವನ್ನೂ ತಾನೇ ಹುಡುಕಿ ಕಿತ್ತಳು. ಕೆಲವು ದೇಶಗಳ ಶಾಲೆಗಳಲ್ಲಿ ಹೀಗೂ ಕಲಿಸುತ್ತಾರೆ, ಎರಡೂ ಸೇರಿ ಒಂದೇ ಖಂಡ ಎಂದು. ಈಗ ನೂರ ಮೂರು.

“ದೆನ್ ವಾಟ್ ಈಸ್ ರಿಯಲ್?”

“ಮಣಿ, ಪುಟ್ಟಿ. ಮಂದಿ ಇದ್ದಲ್ಲೇ ಅದಾರ. ದಾರ ಹಾಕೋರು ಬ್ಯಾರೆ ಬ್ಯಾರೆ.”

“ವೇರ್ ಆಮ್ ಐ?”

ನೀಲಗಂಗಾ ಅವಳ ಬೆರಳನ್ನು ನುಣುಪಾದ ದೊಡ್ಡ ಸರೋವರಗಳ ನಡುವೆ ತಂದರು. ಮಿಶಿಗನ್‌ನಲ್ಲಿರುವುದು ಸುಮಾರು ಒಂದು ಕೋಟಿ ಜನ. ಒಂದೇ ಒಂದು ಮಣಿ. “ಇದರಾಗ ನೀ ಇದ್ದಿ. ನಿಮ್ಮ ಅಮ್ಮ ಅದಾಳ. ನಾನೂ ಇದ್ದೀನಿ.” ಸಿಯಾ ಆ ಮಣಿಯ ಮೇಲಿನ ಬೆರಳನ್ನು ಬಹಳ ಹೊತ್ತು ತೆಗೆಯಲಿಲ್ಲ. ಬಾಗಿಲ ಬಳಿ ನಿಂತಿದ್ದ ಭಾನು ಅಡುಗೆಮನೆಗೆ ಹೋಗಿ ಅತ್ತರು.

ಪರೀಕ್ಷೆಯ ಅಂಕ ಬದಲಾಗಲಿಲ್ಲ. ಸಿಯಾ ಮಾತ್ರ ಮತ್ತೆ ಓದುತ್ತಿದ್ದಾಳೆ. ನೀಲಗಂಗಾ ಹಿಂದೆ ಕಳಿಸಿದ್ದ ಭೂಪಟಗಳನ್ನೆಲ್ಲ ವಾಪಸ್ ತರಿಸಿ, ಯಾವ ಗಡಿಯೊಳಗೆ ಯಾವ ದೇಶ ಸೇರಿದೆ ಎಂದು ಬ್ರೈಲ್‌ನಲ್ಲಿ ಬರೆದು ಹೊಲಿಯುತ್ತಿದ್ದಾರೆ. ಗಡಿಯ ದಾರ ಈಗ ಮಕ್ಕಳೇ ಎತ್ತಿ ಬೇರೆಡೆ ಇಡುವಂತಿದೆ. ಇಷ್ಟು ಮಾಡಿದವರ ಹೆಸರು ಯಾವ ಭೂಪಟದ ಮೇಲೂ ಇಲ್ಲ.

ಬೇಕೆನಿಸುವುದಿಲ್ಲವೇ ಎಂದರೆ, ಸೂಜಿಗೆ ದಾರ ಪೋಣಿಸುತ್ತ ತಲೆಯಾಡಿಸುತ್ತಾರೆ. “ನನ್ನ ಹೆಸರು ಯಾಕ್ರಿ ಬೇಕು? ದಾರ ಎಲ್ಲ್ಯಾರ ಇರ್ಲಿ. ಈ ಮಿಶಿಗನ್ ಮಣಿ ಒಂದು ಉದುರಬಾರದು. ಇದನ್ನ ಮಾತ್ರ ಎರಡು ಸರ್ತಿ ಹೊಲಿತೀನಿ. ಆ ಹುಡುಗಿ ತನ್ನ ತಾ ಹುಡುಕ್ಕೋತ ಬಂದಾಗ, ಅಲ್ಲೇ ಸಿಗಬೇಕಲ್ರಿ.”