ಕುಶಲ್ ತೆಗೆದ ಜೋಗುಳ

ಕುಶಲ್ ಅವರನ್ನು ನಾವು ‘ವಿಡಿಯೋದವರು’ ಎಂದೇ ಕರೆಯುತ್ತಿದ್ದೆವು. ಫ್ರೀಮಾಂಟಿನಲ್ಲಿ ಯಾರ ಮಗನ ಮುಂಜಿಯಿರಲಿ, ಯಾರ ಮಗಳ ರಂಗಪ್ರವೇಶವಿರಲಿ, ಎರಡು ಕ್ಯಾಮರಾ ಹೊತ್ತುಕೊಂಡು ಬರುತ್ತಿದ್ದವರು ಅವರೇ. ಕೇಕು ಕತ್ತರಿಸುವುದನ್ನು ಸ್ಲೋ ಮೋಷನ್ನಿನಲ್ಲಿ ತೆಗೆಯಿರಿ ಎಂದರೆ ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದರು. ಇವರಿಗೇನು ಇಷ್ಟೊಂದು ಜಂಭ ಎಂದು ಮೂಗು ಮುರಿದವರಲ್ಲಿ ನಾನೂ ಒಬ್ಬಳು.

ಅವರು ಹುಟ್ಟಿದ್ದು ಇಂಗ್ಲೆಂಡಿನ ಲೆಸ್ಟರಿನಲ್ಲಿ. ಅಪ್ಪ ಮಂಗಳೂರಿನಿಂದ ಹೋಗಿ ಅಲ್ಲಿ ಬಸ್ಸು ಓಡಿಸಿದವರು. ಮಗ ಲಂಡನ್ ಸೇರಿ ಇಪ್ಪತ್ತು ವರ್ಷ ಯಾವ ಕಂಪನಿಯ ಹಂಗೂ ಇಲ್ಲದೆ, ಹೆಸರೇ ಕೇಳದ ಬ್ಯಾಂಡುಗಳಿಗೆ ಮ್ಯೂಸಿಕ್ ವಿಡಿಯೋ ಮಾಡಿಕೊಟ್ಟರು. ವ್ಯಾನು ಓಡಿಸುವುದು, ಲೈಟು ಹಿಡಿಯುವುದು, ನಿರ್ದೇಶನ, ಎಲ್ಲಾ ತಾವೇ. ಸ್ವಂತದ ಎರಡು ಸಿನಿಮಾ ಮಾಡಿದರು. ಒಂದು ಒಂದೇ ಥಿಯೇಟರಿನಲ್ಲಿ ಒಂದು ವಾರ ಓಡಿತು, ಇನ್ನೊಂದು ಓಡಲೇ ಇಲ್ಲ. ಬ್ಯಾಂಡಿನ ಹುಡುಗರು ತಮ್ಮ ವಿಡಿಯೋ ತಾವೇ ಫೋನಿನಲ್ಲಿ ತೆಗೆದುಕೊಳ್ಳತೊಡಗಿದ ಮೇಲೆ ಕೆಲಸ ನಿಂತಿತು. ಹೆಂಡತಿ ಸೋನಾಲಿಗೆ ಬರ್ಕ್ಲಿಯಲ್ಲಿ ಸಂಶೋಧನೆಯ ಕೆಲಸ ಸಿಕ್ಕಾಗ ಅವರ ಜೊತೆ ಇಲ್ಲಿಗೆ ಬಂದರು. ಇದನ್ನೆಲ್ಲ ನನಗೆ ಹೇಳಿದ್ದು ಸೋನಾಲಿ.

ನಮ್ಮ ಮಗಳು ಮಾನ್ಯಾಳ ಮೊದಲ ಹುಟ್ಟುಹಬ್ಬಕ್ಕೂ ಅವರೇ ಬಂದಿದ್ದರು. ಗಲಾಟೆಗೆ ಮಗು ರಚ್ಚೆ ಹಿಡಿಯಿತು. ನನ್ನ ಅತ್ತೆ ಸರೋಜಿನಿ ಅದನ್ನು ಒಳಗೆ ಎತ್ತಿಕೊಂಡು ಹೋಗಿ ತಮ್ಮ ಊರಿನ ತುಳು ಜೋಗುಳ ಹಾಡಿದರು. ಕುಶಲ್ ಕ್ಯಾಮರಾ ಕೆಳಗಿಟ್ಟು ಬಾಗಿಲ ಬಳಿ ಹೋಗಿ ನಿಂತರು.

“ಆಂಟಿ ಹಾಡೋದು ವಿಡಿಯೋ ಮಾಡ್ಬೇಕು. ಬರ್ತ್‌ಡೇ ಥರ ಅಲ್ಲ. ನನ್ನ ಓನ್ ವರ್ಕು,” ಎಂದರು ನನಗೆ, ತಮಗೆ ಬರುವಷ್ಟು ಕನ್ನಡದಲ್ಲಿ.

ಅತ್ತೆ ಹಿಗ್ಗಿಹೋದರು. ಮೂರು ದಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದರು, ಮೊಸರು ಮುಟ್ಟಲಿಲ್ಲ. ಶೂಟಿಂಗಿನ ಬೆಳಿಗ್ಗೆ ಕುಶಲ್ ನನ್ನನ್ನು ಪಕ್ಕಕ್ಕೆ ಕರೆದರು.

“ಆಂಟಿ ಫೇಸ್ ಬ್ಯೂಟಿಫುಲ್. ಬಟ್ ವಾಯ್ಸು ನಡುಗುತ್ತೆ. ಬರ್ಕ್ಲಿ ಸ್ಟೂಡೆಂಟು ನಿಸರ್ಗಾ ಅಂತ ಇದ್ದಾಳೆ, ಅವಳು ಆಮೇಲೆ ಹಾಡ್ತಾಳೆ, ಡಬ್ ಮಾಡ್ತೀನಿ. ಆಂಟಿಗೆ ನೀವು ಹೇಳ್ತೀರಾ, ಪ್ಲೀಸ್?”

ಅಡುಗೆಮನೆಗೆ ಹೋದೆ. ಅತ್ತೆ ರೇಷ್ಮೆ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ನನಗೆ ನಾಲಿಗೆ ಹೊರಳಲಿಲ್ಲ. ನಿಜ ಹೇಳಬೇಕೆಂದರೆ, ಅವರು ಮುನಿಸಿಕೊಂಡು ‘ಬೇಡ’ ಎಂದರೆ ಎಂಬ ಭಯ. ನಮ್ಮ ಅತ್ತೆಯ ವಿಡಿಯೋ ಎಂದು ಆಗಲೇ ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

“ವಾಯ್ಸು ಆಮೇಲೆ ಸ್ವಲ್ಪ ಅಡ್ಜಸ್ಟ್ ಮಾಡ್ತಾರಂತೆ ಅತ್ತೆ. ನೀವು ಆರಾಮಾಗಿ ಹಾಡಿ.”

“ಹಾಡ್ತೇನೆ ಮಾರಾಯ್ತಿ. ಅದಕ್ಕೆಂತ ಹೆದರಿಕೆ?”

ಕುಶಲ್‌ಗೆ ‘ಹೇಳಿದೆ’ ಎಂದೆ. ಅತ್ತೆಯ ಮುಂದೆ ಚಂದಕ್ಕೆಂದು ಅವರೊಂದು ಮೈಕು ನಿಲ್ಲಿಸಿದ್ದರು. ಅದರ ವಯರು ಸೋಫಾದ ಹಿಂದೆ ಸುಮ್ಮನೆ ಬಿದ್ದಿತ್ತು. ಅತ್ತೆ ಒಂಬತ್ತು ಸಲ ಹಾಡಿದರು. ಪ್ರತಿಸಲವೂ “ಕೇಳ್ತದಾ?” ಎಂದು ಕೇಳಿದರು, ಪ್ರತಿಸಲವೂ ಅವರು ಹೆಬ್ಬೆರಳೆತ್ತಿ ತೋರಿಸಿದರು.

ವಿಡಿಯೋ ಲಂಡನ್ನಿನ ಒಂದು ಚಿತ್ರೋತ್ಸವಕ್ಕೆ ಆಯ್ಕೆಯಾಯಿತು. ಲಂಡನ್ ಬಿಟ್ಟ ಹತ್ತು ವರ್ಷಗಳ ಮೇಲೆ ಕುಶಲ್ ನಿರ್ದೇಶಕರಾಗಿ ತಮ್ಮ ಊರಿಗೆ ಮರಳುವವರಿದ್ದರು. ಅದಕ್ಕೂ ಮೊದಲು ಬರ್ಕ್ಲಿಯ ಸಣ್ಣ ಸಭಾಂಗಣದಲ್ಲಿ ನಮಗೆಲ್ಲ ತೋರಿಸಿದರು. ಅತ್ತೆ ನಮ್ಮ ಪಕ್ಕದೂರು ನೆವಾರ್ಕಿನ ತಮ್ಮ ಭಜನೆಯ ಗುಂಪನ್ನೇ ಕರೆತಂದು ಮುಂದಿನ ಸಾಲಿನಲ್ಲಿ ಕೂತರು.

ಪರದೆಯ ಮೇಲೆ ಅತ್ತೆಯ ಮುಖ ಬಂತು, ತುಟಿ ತೆರೆಯಿತು. ಬಂದದ್ದು ಇಪ್ಪತ್ತರ ಹುಡುಗಿಯ ನುಣುಪಾದ ದನಿ. ಅತ್ತೆಯ ಕೈ ಮೆಲ್ಲಗೆ ಗಂಟಲಿಗೆ ಹೋಯಿತು. ವಿಡಿಯೋ ಮುಗಿಯುವವರೆಗೂ ಅಲ್ಲೇ ಇತ್ತು.

“ಸರೋಜಿನಕ್ಕ, ನಿಮ್ಮ ಸ್ವರ ಇನ್ನೂ ಎಷ್ಟು ಎಳೆಯದು ಉಂಟು,” ಎಂದರು ಭಜನೆಯ ಗೆಳತಿಯೊಬ್ಬರು. ಅತ್ತೆ ನಕ್ಕರು. ಅಲ್ಲ ಎನ್ನಲಿಲ್ಲ.

ಕಾರು ಫ್ರೀವೇಗೆ ಬಂದ ಮೇಲೆ ಬಾಯಿಬಿಟ್ಟರು. “ಆ ಹುಡುಗಿ ಹಾಡಿದ್ದು ಲಾಯ್ಕ ಉಂಟು. ಮತ್ತೆ ಮುಖವೂ ಅವಳದ್ದೇ ತೋರಿಸಬಹುದಿತ್ತಲ್ಲ. ನನ್ನದೆಂತಕ್ಕೆ?”

ಸ್ಟೀರಿಂಗ್ ಹಿಡಿದು ಕೂತಿದ್ದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮನೆ ತಲುಪಿದ್ದೇ ಕುಶಲ್‌ಗೆ ಫೋನು ಮಾಡಿ, ಹೇಳಿಯೇ ಇರಲಿಲ್ಲ ಎಂದು ಒಪ್ಪಿಕೊಂಡೆ. ಬಯ್ಯಲಿ ಎಂದು ಕಾದೆ. ಅವರು ಬಯ್ಯಲಿಲ್ಲ.

“ಆಂಟಿಗೆ ಗೊತ್ತಿಲ್ಲ ಅಂತ ನಂಗೆ ಅವತ್ತೇ ಡೌಟು ಬಂತು,” ಎಂದರು. “ಆದ್ರೂ ಥಂಬ್ಸ್ ಅಪ್ ತೋರಿಸ್ದೆ.”

ಭಾನುವಾರ ಅವರು ರೆಕಾರ್ಡರ್ ತಂದರು. ಲಂಡನ್ನಿಗೆ ಆಂಟಿಯ ದನಿಯೇ ಹೋಗಬೇಕು, ಇನ್ನೊಮ್ಮೆ ಹಾಡಲಿ ಎಂದು ಕಾಲು ಮುಟ್ಟಿ ಕೇಳಿಕೊಂಡರು. ಅತ್ತೆ ಬೇಡವೆನ್ನಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತರು. ಕುಶಲ್ ಹೆಡ್‌ಫೋನ್ ಹಾಕಿ ಕೈ ಸನ್ನೆ ಮಾಡಿದರು.

ಅತ್ತೆಯ ತುಟಿಗಳು ಅಲುಗಾಡತೊಡಗಿದವು. ದನಿಯಿಲ್ಲ. ಕುಶಲ್ ಗಾಬರಿಯಿಂದ ಗುಂಡಿ ತಿರುಗಿಸಿದರು, ವಯರು ಕಿತ್ತು ಮತ್ತೆ ಸಿಕ್ಕಿಸಿದರು. ಅತ್ತೆ ಒಂದು ಸಾಲನ್ನೂ ಬಿಡದೆ ಇಡೀ ಜೋಗುಳವನ್ನು ಬಾಯಾಡಿಸಿ ಮುಗಿಸಿದರು.

“ಆಯ್ತು ಮಗಾ,” ಎಂದರು. “ಸ್ವರ ನಿನಗೆ ಬೇಕಾದವರದ್ದು ಹಾಕಿಕೋ.”

ಕುಶಲ್ ಹೆಡ್‌ಫೋನ್ ತೆಗೆದರು. ಅರ್ಥ ಹೇಳಿ ಎಂದು ನನ್ನತ್ತ ನೋಡಲಿಲ್ಲ, ಅಷ್ಟು ಕನ್ನಡ ಅವರಿಗೆ ಬರುತ್ತಿತ್ತು. ಲಂಡನ್ನಿಗೆ ಬರೆದು ವಿಡಿಯೋ ವಾಪಸ್ ತೆಗೆದುಕೊಂಡರು. ಈಗಲೂ ಮುಂಜಿ, ರಂಗಪ್ರವೇಶ ತೆಗೆಯುತ್ತಾರೆ. ಸ್ಲೋ ಮೋಷನ್ ಕೇಳಿದರೆ ತಲೆ ತಗ್ಗಿಸಿಕೊಂಡು ಮಾಡಿಕೊಡುತ್ತಾರೆ.

ಅತ್ತೆ ಆಮೇಲೆ ಹಾಡಿಲ್ಲ. ಮಧ್ಯಾಹ್ನ ಮಲಗುವಾಗ ಮಾನ್ಯಾ “ಅಜ್ಜಿ, ಸಿಂಗ್,” ಎನ್ನುತ್ತಾಳೆ. ಅತ್ತೆ ಸುಮ್ಮನೆ ಅವಳ ಬೆನ್ನು ತಟ್ಟುತ್ತಾರೆ. ನಾನಾದರೂ ಹಾಡೋಣವೆಂದರೆ ಮೈಸೂರಿನವಳಾದ ನನಗೆ ಅದರ ಒಂದು ಸಾಲೂ ಬಾರದು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಕಲಿಯಲಿಲ್ಲ. ಈಗ ಕಲಿಸಿಕೊಡಿ ಎಂದು ಕೇಳಲು ನನಗೆ ಮುಖವಿಲ್ಲ.