ಅನುಮಾನದಕ್ಕನ ಮರದ ಹಿಡಿಕೆ

ಬೀದಿದೀಪ ಇನ್ನೂ ಆರಿಲ್ಲ. ಮನೆಯ ಹಿಂದಿನ ತಗಡಿನ ಕೋಣೆಯಲ್ಲಿ ಅಕ್ಕ ಆಗಲೇ ಮರದ ತುಂಡೊಂದನ್ನು ಅರದಿಂದ ಉಜ್ಜುತ್ತಿದ್ದಾರೆ. ಒಂದಿಷ್ಟು ಉಜ್ಜುವುದು, ಕಣ್ಣು ಮುಚ್ಚಿ ಬೆರಳಾಡಿಸುವುದು, ಮತ್ತೆ ಉಜ್ಜುವುದು. ಅವರ ಕೆಲಸ ನೋಡಿ ಬರೆಯಲೆಂದು ಬಂದ ನನ್ನನ್ನು ಕಂಡವರೇ 'ಬನ್ನಿ' ಎನ್ನುವ ಮೊದಲೇ ಗೋಂದಿನ ಡಬ್ಬಿ ಕೈಗಿಡುತ್ತಾರೆ. "ಇದರ ಮುಚ್ಚಳ ಸ್ವಲ್ಪ ತೆಗೀಮ್ಮಾ." ತೆಗೆದುಕೊಡುತ್ತೇನೆ. ಅವರ ಕಣ್ಣು ನನ್ನ ಕೈಮೇಲೇ ಇದೆ. ಇದೂ ಒಂದು ಪರೀಕ್ಷೆಯೇ ಇರಬೇಕೆಂದು ನನಗೆ ಗುಮಾನಿ.

ಗುಮಾನಿಗೆ ಕಾರಣವಿದೆ. ಬೀದಿಯವರೆಲ್ಲ ಇವರನ್ನು ಕರೆಯುವುದೇ ಅನುಮಾನದಕ್ಕ ಎಂದು. ಬೀಗ, ಕುರ್ಚಿ, ಬಕೆಟ್ಟಿನ ಹಿಡಿ, ಹೀಗೆ ಹೊಸದೇನನ್ನಾದರೂ ಮಾರುಕಟ್ಟೆಗೆ ತರಬೇಕೆಂದಿರುವ ಸಣ್ಣ ಕಾರ್ಖಾನೆಯವರು ಚಿತ್ರ ಬರೆದುಕೊಂಡು ಇಲ್ಲಿಗೆ ಬರುತ್ತಾರೆ. ಅಕ್ಕ ಅದನ್ನು ಮೊದಲು ಮರದಲ್ಲಿ ಮಾಡಿಕೊಡುತ್ತಾರೆ. ಉಕ್ಕಿನ ಅಚ್ಚು ಆಮೇಲಿನ ಮಾತು. ಅಚ್ಚು ಒಮ್ಮೆ ಕೊರೆದರೆ ಮುಗಿಯಿತು, ಅದರಲ್ಲಿ ತಪ್ಪಿದ್ದರೆ ಹೊರಬರುವ ಪ್ರತಿಯೊಂದು ಸಾಮಾನೂ ಅದೇ ತಪ್ಪನ್ನು ಹೊತ್ತು ಬರುತ್ತದೆ.

ಈ ಪಾಠ ಅವರಿಗೆ ಪುಕ್ಕಟೆ ಸಿಕ್ಕಿದ್ದಲ್ಲ. ಒಂದು ಕಾಲಕ್ಕೆ ಗಂಡ ಹೆಂಡತಿ ಇಬ್ಬರೂ ಸೇರಿ ನಲ್ಲಿಯ ತಿರುಗಣೆ ಮಾಡುತ್ತಿದ್ದರು. ಗುಂಡಗೆ, ನುಣ್ಣಗೆ, ಕನ್ನಡಿಯಂಥ ಹೊಳಪು. "ನಾವು ಅಂಗಡೀಲಿ ಒಣ ಕೈಯಲ್ಲಿ ತಿರುಗಿಸಿ ನೋಡಿ ಬೀಗಿದ್ವಿ. ಜನ ಬಚ್ಚಲಲ್ಲಿ ಸೋಪಿನ ಕೈಯಲ್ಲಿ ತಿರುಗಿಸಿದ್ರು. ಹೋದ ಮಾಲೆಲ್ಲ ವಾಪಸ್ ಬಂತು." ಕಾರ್ಖಾನೆ ಮುಚ್ಚಿತು. ಗಂಡ ಈಗ ಶಾಲೆಯ ವ್ಯಾನು ಓಡಿಸುತ್ತಾರೆ. ಬೀಗದ ಕೈ ಹುಡುಕುತ್ತ ಬಾಗಿಲಲ್ಲಿ ನಿಂತವರು, ತನ್ನನ್ನೂ ಇವಳು ಮೊದಲು ಮರದಲ್ಲಿ ಮಾಡಿಸಿ ನೋಡಿ ಆಮೇಲೆ ಮದುವೆಯಾಗಬೇಕಿತ್ತು ಎಂದು ಹೇಳಿ ಹೊರಡುತ್ತಾರೆ. ಅಕ್ಕ ತಲೆಯೆತ್ತುವುದಿಲ್ಲ, ತುಟಿಯಂಚು ಮಾತ್ರ ಅರಳುತ್ತದೆ.

ಬೆಳಕು ಹರಿಯುವ ಹೊತ್ತಿಗೆ ಬಾಚಣಿಗೆ ಕಾರ್ಖಾನೆಯ ಮಾಲೀಕರೊಬ್ಬರು ಬರುತ್ತಾರೆ. ಅಂಗಿಯೊಳಗೆ ಏನೋ ಗಂಟು. ಬಾಗಿಲು ಮುಚ್ಚಿ, ಕಿಟಕಿಯನ್ನೂ ಎಳೆದು, ನಾನು ಯಾರ ಕಡೆಯವಳೆಂದು ಅಕ್ಕನನ್ನು ವಿಚಾರಿಸಿಕೊಂಡ ಮೇಲೆಯೇ ಗಂಟು ಬಿಚ್ಚುವುದು. ಅಜ್ಜಿಯ ಕಥೆಗಳ ರಾಕ್ಷಸ ತನ್ನ ಜೀವವನ್ನು ಎಲ್ಲೋ ಪಂಜರದ ಗಿಳಿಯಲ್ಲಿ ಬಚ್ಚಿಟ್ಟಿರುತ್ತಿದ್ದ. ಇವರ ಜೀವ ಈ ಬಟ್ಟೆಯೊಳಗಿದೆ. ಹೋದ ವಾರ ಅಕ್ಕ ಮಾಡಿಕೊಟ್ಟ ಮರದ ಮಾದರಿ ಅದು, ಕೈಯಲ್ಲಿ ಕಸುವಿಲ್ಲದವರು ಡಬ್ಬಿಯ ಮುಚ್ಚಳ ತೆಗೆಯುವ ಸಲಕರಣೆ. ಬಾಚಣಿಗೆ ಈಗ ಯಾರಿಗೂ ಬೇಡ. ಇದು ಕೈಹಿಡಿಯದಿದ್ದರೆ ಕಾರ್ಖಾನೆಗೆ ಬೀಗವೇ ಗತಿ. ಇವತ್ತು ಅಚ್ಚಿಗೆ ಹೇಳಿಬಿಡಬೇಕು ಎಂಬ ತರಾತುರಿ ಅವರದು.

ಅಕ್ಕ ಕೇಳುವುದು ಒಂದೇ ಮಾತು. ಯಾರ ಕೈಯಲ್ಲಿ ನೋಡಿದಿರಿ?

ತನ್ನ ಕೈಯಲ್ಲೇ, ಎನ್ನುತ್ತಾರೆ ಅವರು. ಸಲೀಸಾಗಿ ತೆರೆಯಿತಂತೆ. ತೆರೆಯದೇ ಏನು, ಯಂತ್ರ ತಿರುಗಿಸುವ ಕೈ. ಇದನ್ನು ಮಾಡಲು ಹೊರಟಿದ್ದೇ ತಾಯಿಗಾಗಿ, ಆದರೆ ತಾಯಿಗೂ ತೋರಿಸಿಲ್ಲ. ಅವರ ಬಾಯಿಗೆ ಬಿದ್ದರೆ ಬೀದಿಗೆ ಬಿದ್ದಂತೆ, ಯಾರಾದರೂ ಕದ್ದು ತಾವೇ ಮಾಡಿಬಿಟ್ಟರೆ?

"ಕದಿಯೋರು ಬರೋದು ಚೆನ್ನಾಗಿದ್ರೆ ತಾನೇ?" ಎನ್ನುತ್ತಾರೆ ಅಕ್ಕ. "ಹೋಗಿ ಅಮ್ಮನ್ನ ಕರ್ಕೊಂಡ್ ಬನ್ನಿ."

ಅವರು ಮುಖ ಊದಿಸಿಕೊಂಡು ಹೊರಡುತ್ತಾರೆ. ನನ್ನದೂ ಒಂದು ಅನುಮಾನ ಉಳಿದಿದೆ. ಪ್ರತಿ ಮಾದರಿಯಲ್ಲೂ ಹುಳುಕು ಸಿಕ್ಕರೆ ಇವರಿಗೇ ಮತ್ತೆ ಕೆಲಸವಲ್ಲವೇ? ಕೇಳಿಯೇಬಿಡುತ್ತೇನೆ. ಅಕ್ಕ ಬೇಸರಪಡುವುದಿಲ್ಲ, ಖುಷಿಯಾದಂತೆ ಕಾಣುತ್ತದೆ. "ನಾನಾಗಿದ್ರೂ ಅದನ್ನೇ ಕೇಳ್ತಿದ್ದೆ. ಅದಕ್ಕೇ ಹುಳುಕನ್ನ ನಾನು ಹೇಳಲ್ಲ, ಬಳಸೋರ ಕೈ ಹೇಳಬೇಕು. ನನ್ನ ಕೈನೂ ಲೆಕ್ಕಕ್ಕಿಲ್ಲ. ಮಾಡಿದೋಳಿಗೆ ಹೇಗೆ ಹಿಡೀಬೇಕು ಅಂತ ಗೊತ್ತಿರುತ್ತಲ್ಲ."

ತಾಯಿ ಬರುತ್ತಾರೆ. ಮುಂದೆ ಬಿಗಿ ಮುಚ್ಚಳದ ಡಬ್ಬಿ, ಪಕ್ಕದಲ್ಲಿ ಮಾದರಿ. ಹೀಗಲ್ಲಮ್ಮ ಎಂದು ಮಗ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಅರ ಎತ್ತಿ ತೋರಿಸುತ್ತಾರೆ. "ಸುಮ್ನಿರಿ. ಪ್ರತಿ ಮನೆಗೂ ಹೋಗಿ ಹೇಳಿಕೊಡೋಕಾಗುತ್ತಾ?"

ತಾಯಿ ಒಂದು ಕೈಯಲ್ಲಿ ತಿರುಗಿಸುತ್ತಾರೆ. ಜಾರುತ್ತದೆ. ಡಬ್ಬಿಯನ್ನು ಮೊಣಕಾಲುಗಳ ನಡುವೆ ಇರುಕಿಸಿಕೊಂಡು ಎರಡನೇ ಕೈಯನ್ನೂ ತರುತ್ತಾರೆ. ಆ ಕೈಗೆ ಹಿಡಿಕೆಯಲ್ಲಿ ಜಾಗವೇ ಇಲ್ಲ. ಮಗನ ಮುಖ ಬಿಳಿಚಿಕೊಳ್ಳುತ್ತದೆ. ಒಂದು ಕೈಗೆ ಆಗದ್ದನ್ನು ಜನ ಎರಡು ಕೈಯಲ್ಲಿ ಮಾಡುತ್ತಾರೆಂಬುದು ಅವರಿಗೆ ಹೊಳೆದೇ ಇರಲಿಲ್ಲ.

ಅಕ್ಕ ಆಗಲೇ ಹಿಡಿಕೆಗೆ ಇನ್ನೊಂದು ತುಂಡು ಜೋಡಿಸಿ, ಗೋಂದು ಹಚ್ಚಿ, ದಾರ ಬಿಗಿಯುತ್ತಿದ್ದಾರೆ. ಎರಡು ಪುಟಾಣಿ ಸ್ಕ್ರೂ ಕಿತ್ತು, ಬೀದಿಬದಿಯ ಅಂಗಡಿಯಲ್ಲೂ ಸಿಗುವಂಥ ಒಂದನ್ನು ಹಾಕುತ್ತಾರೆ. ಆ ಪುಟಾಣಿ ಕಳೆದುಹೋದರೆ ತಾಯಿ ಎಲ್ಲಿ ಹುಡುಕಬೇಕು?

ಗೋಂದು ಒಣಗುವವರೆಗೆ ಕಾಯುತ್ತೇವೆ. ಆಮೇಲೆ ತಾಯಿ ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಾರೆ. ಮುಚ್ಚಳ ಕಿರ್ರೆಂದು ಬಿಟ್ಟುಕೊಳ್ಳುತ್ತದೆ.

ಇದನ್ನು ಯಾರಿಗೂ ಹೇಳಬೇಡ ಎಂದು ಮಗ ಪಿಸುಗುಟ್ಟುತ್ತಾರೆ. "ನೀನು ಇಂಥದ್ದೇನೋ ಮಾಡ್ತಿದ್ದೀಯ ಅಂತ ಬೀದಿಗೆಲ್ಲ ಹೇಳಿ ಎಷ್ಟೋ ದಿನ ಆಯ್ತಪ್ಪ," ಎನ್ನುತ್ತಾರೆ ತಾಯಿ. "ಯಾರೂ ನಂಬಲಿಲ್ಲ."

ಮಗ ಅಚ್ಚಿನವನಿಗೆ ಫೋನ್ ಮಾಡಿ, ಇವತ್ತು ಬೇಡ, ಅಳತೆ ಬದಲಾಗಿದೆ ಎನ್ನುತ್ತಾರೆ. ಹೊರಡುವಾಗ ಅಕ್ಕ ತಡೆದು, ಅಚ್ಚಿನಿಂದ ಬರುವ ಮೊದಲ ಕಂತಿನಲ್ಲಿ ಒಂದನ್ನು ತನಗೆ ಕೊಡಬೇಕೆಂದು ಕೇಳುತ್ತಾರೆ. ಇನ್ನೂ ಪರೀಕ್ಷೆ ಮುಗಿದಿಲ್ಲವೇ ಎಂದು ಅವರು ಗಾಬರಿಯಾಗುತ್ತಾರೆ.

"ಪರೀಕ್ಷೆಗಲ್ಲಪ್ಪ," ಎಂದು ಅಕ್ಕ ಗಂಟುಕಟ್ಟಿದ ಬೆರಳುಗಳನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ. "ದಿನಾ ಬೆಳಿಗ್ಗೆ ಗೋಂದಿನ ಡಬ್ಬೀನ ಬಂದೋರ ಕೈಲೇ ತೆಗೆಸ್ತಿದ್ದೀನಿ. ಒಂದಿನ ನಾನೇ ತೆಗೀಬೇಕು ಅಂತ ಆಸೆ."