ವಯೋಮಿತಿಯಿಲ್ಲದ ಪರೀಕ್ಷೆ

ಸಪ್ತಾಪುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಅಕ್ಕಾರು. ಮಹಡಿಯ ಕೋಣೆ ಬಿಟ್ಟು ಹೊರಬರದ ತಮ್ಮನ ಬಗ್ಗೆ ಯಾರೇ ಕೇಳಿದರೂ ಅವರದು ಒಂದೇ ಉತ್ತರ: "ಕೆಎಎಸ್ ಓದಾಕತ್ತಾನ್ರೀ." ಕೋಚಿಂಗಿನ ಊರು, ಹದಿನೈದು ವರ್ಷ ಓದಿದರೂ ಯಾರಿಗೂ ಅನುಮಾನವಿಲ್ಲ. ಪರೀಕ್ಷೆಗೆ ವಯೋಮಿತಿಯುಂಟು, ನಮ್ಮ ಓಣಿಯ ಉದಾರತೆಗಿಲ್ಲ.

ಒಂದು ಮಧ್ಯಾಹ್ನ ಆತ ಬೀದಿಗಿಳಿದು ಲೈಟಿನ ಕಂಬದೊಡನೆ ಜಗಳಕ್ಕೆ ನಿಂತ. ಅಕ್ಕಾರು ಅವನ ಕೈಹಿಡಿದು, "ಇಂಟರ್‌ವ್ಯೂ ಪ್ರ್ಯಾಕ್ಟೀಸ್ ನಡಸ್ಯಾನ್ರೀ" ಎಂದರು. ಗೇಟಿನಲ್ಲಿ ನಿಂತವರೆಲ್ಲ ಗಂಭೀರವಾಗಿ ತಲೆಯಾಡಿಸಿದರು.

ಒಳಗೆ ಬಂದು ನನಗೆ ಗುಳಿಗೆಯ ಡಬ್ಬಿ ತೋರಿಸಿದರು. "ಅಂವಗ ತಲ್ಯಾಗ ಯಾರೋ ಮಾತಾಡ್ತಾರ ತಮ್ಮಾ. ಖರೇ ಹೇಳಿದ್ರ ನೀ ಈ ರೂಮ್ ಹಿಡೀತಿದ್ದೇನು?"

"ಅದರಾಗೇನೈತ್ರೀ ಅಕ್ಕಾರ, ಹಿಡೀತಿದ್ದೆ" ಎಂದೆ. ನಾನು ಓದುತ್ತಿದ್ದುದು ಮನಃಶಾಸ್ತ್ರ.

ಮುಂದಿನ ವಾರವೇ ಗಂಟುಮೂಟೆ ಕಟ್ಟಿದೆ. "ಪರೀಕ್ಷಾ ಹತ್ರ ಬಂತ್ರೀ, ಹಾಸ್ಟೆಲ್ ಛಲೋ."

"ಆತು ತಮ್ಮಾ," ಅಕ್ಕಾರು ನಕ್ಕರು. "ಯಾರರ ಕೇಳಿದ್ರ, ಓದಾಕ ಹೋಗ್ಯಾನ ಅಂತ ಹೇಳ್ತೇನಿ."